ಹಿಂದಿನ ಬಾಗಿಲು ಮತ್ತು ದೊಡ್ಡಮ್ಮನ ಇಂಗ್ಲಿಷು

ಬೇರೆಯವರು ಹೊಲಿದದ್ದನ್ನು ಬಿಚ್ಚುವುದೂ ಒಂದು ಉದ್ಯೋಗವೇ ಎಂದು ಮೂಗು ಮುರಿಯುವವರು ಒಮ್ಮೆ ಬಂದು ದೊಡ್ಡಮ್ಮನ ಕೈ ನೋಡಬೇಕಿತ್ತು. ಕಾಲರ್ ಸೊಟ್ಟಗಾದ, ತೋಳು ಅದಲುಬದಲಾದ, ಜೇಬು ಒಂದು ಬೆರಳು ಕೆಳಗಿಳಿದ ಶರ್ಟುಗಳೆಲ್ಲ ಅವಳ ಮೇಜಿಗೆ ಬರುತ್ತಿದ್ದವು. ಪುಟ್ಟದೊಂದು ಉಕ್ಕಿನ ಕೊಕ್ಕೆಯನ್ನು ಹೊಲಿಗೆಯ ಅಡಿಗೆ ತೂರಿಸಿ, ನಾಲ್ಕಕ್ಕೊಂದು ದಾರ ಕಡಿದು, ಆಚೆ ತುದಿಯಿಂದ ಎಳೆದರೆ ಇಡೀ ಹೊಲಿಗೆ ಸರ್ರನೆ ಕೈಗೆ ಬರುತ್ತಿತ್ತು. ಸೂಜಿ ಹೊಕ್ಕ ಗುರುತು ಉಳಿದಿದ್ದರೆ ಉಗುರಿನಿಂದ ಎರಡು ಸಲ ಉಜ್ಜುವಳು, ಅದೂ ಮಾಯ. ಬಟ್ಟೆ ಇನ್ನೂ ಸೂಜಿಯ ಮುಖವನ್ನೇ ಕಂಡಿಲ್ಲವೇನೋ ಎನ್ನುವಂತಿರುತ್ತಿತ್ತು. ಇಪ್ಪತ್ತೆರಡು ವರ್ಷ ಅವಳು ಅದೇ ಮೇಜಿನ ಮುಂದೆ ಕೂತು ಅದೇ ಕೆಲಸ ಮಾಡಿದಳು.

ಕಾರ್ಖಾನೆಯ ಎರಡನೆಯ ಮಹಡಿ ಅದು. ಉದ್ದನೆಯ ಒಂದೇ ಕೋಣೆ, ಅದರಲ್ಲಿ ಒಂದರ ಹಿಂದೊಂದರಂತೆ ಮೆಷಿನ್ನುಗಳು, ಅರವತ್ತು ಜನ ಹೆಂಗಸರು. ಮುಂದಿನ ತುದಿಯಲ್ಲಿ ಕತ್ತರಿಸಿದ ಬಟ್ಟೆಯಾಗಿ ಹೊರಟದ್ದು ಹಿಂದಿನ ತುದಿಯಲ್ಲಿ ಶರ್ಟಾಗಿ ಇಳಿಯುತ್ತಿತ್ತು. ಬರಹೋಗಲು ಮುಂದೊಂದು ಬಾಗಿಲು. ಹಿಂದೆ ಇನ್ನೊಂದು, ಕಬ್ಬಿಣದ್ದು, ದೊಡ್ಡಮ್ಮನ ಮೇಜಿನಿಂದ ಮೂರೇ ಹೆಜ್ಜೆ. ಅದರಾಚೆ ಹೊರಗೆ ಇಳಿಯುವ ಮೆಟ್ಟಿಲಿದೆ ಎಂದು ಎಲ್ಲರಿಗೂ ಗೊತ್ತು, ಕಂಡವರು ಮಾತ್ರ ಯಾರೂ ಇಲ್ಲ. ಶರ್ಟು ಕಳುವಾಗಬಾರದು, ಕೆಲಸದ ಹೊತ್ತಿನಲ್ಲಿ ಯಾರೂ ಗಾಳಿಗೆ ನಿಲ್ಲಬಾರದು ಎಂದು ಆ ಬಾಗಿಲಿಗೆ ಅಂಗೈಯಗಲದ ಬೀಗ ಜಡಿದಿದ್ದರು. ಬೀಗದ ಕೈ ಇರುತ್ತಿದ್ದುದು ಸೂಪರ್‌ವೈಸರನ ಸೊಂಟದಲ್ಲಿ. ಈ ಸೂಪರ್‌ವೈಸರ್ ದೊಡ್ಡಮ್ಮನ ಒಡಹುಟ್ಟಿದ ತಮ್ಮ.

ತಮ್ಮ ಎನ್ನುವುದಕ್ಕಿಂತ ಮಗ ಎಂದರೂ ಸರಿಯೇ. ತಾಯಿ ಕಣ್ಣು ಮುಚ್ಚಿದಾಗ ಅವನಿಗೆ ಒಂಬತ್ತು, ಅಕ್ಕನಿಗೆ ಹದಿನೇಳು. ಅವನ ಜ್ವರಕ್ಕೆ ಹಣೆಗೆ ಬಟ್ಟೆ ಹಾಕಿದವಳು, ಅವನು ಶಾಲೆ ತಪ್ಪಿಸಿದ ದಿನ ಬೆನ್ನಿಗೆ ಬಾರಿಸಿದವಳು, ಆಮೇಲೆ ತಾನೇ ಮೂಲೆಯಲ್ಲಿ ಕೂತು ಅತ್ತವಳು ಅವಳೇ. ಬಟ್ಟೆಯ ಕಟ್ಟು ಹೊರುವ ಕೆಲಸಕ್ಕೆ ಅವನನ್ನು ಕೈಹಿಡಿದು ಕರೆತಂದವಳೂ ಅವಳೇ. ಅವನು ಕಟ್ಟು ಹೊತ್ತು ಹೊತ್ತು ಸೂಪರ್‌ವೈಸರ್ ಆದ. ಈಗ ಅಕ್ಕ ತಮ್ಮ ಒಂದೇ ಗೋಡೆಯ ಆಚೆ ಈಚೆ ಬಾಡಿಗೆಗಿದ್ದರು. ಒಂಟಿಯಾಗಿದ್ದ ಅಕ್ಕನ ಸಂಜೆಯ ಊಟ ತಮ್ಮನ ಮನೆಯಲ್ಲೇ.

ಆ ಕೋಣೆಯ ಒಂದು ಪದ್ಧತಿ ಹೇಳದೆ ಮುಂದೆ ಹೋಗುವಂತಿಲ್ಲ. ಪ್ರತಿ ಬಟ್ಟೆಯ ಕಟ್ಟಿಗೂ ಒಂದು ಚೀಟಿ, ಚೀಟಿಯಲ್ಲಿ ಹೊಲಿದವಳ ನಂಬರು. ಹೊಲಿಗೆ ತಪ್ಪಾದ ಶರ್ಟಿಗೆ ಕೆಂಪು ದಾರ ಕಟ್ಟಿ, ಮಗುಚಿ, ದೊಡ್ಡಮ್ಮನ ಮೇಜಿನ ಮೇಲಿಡುವರು. ಅವಳು ನಂಬರು ನೋಡುವಳು, ಬಿಚ್ಚುವಳು, ಚೀಟಿಯನ್ನು ಮಡಿಸಿ ಜೇಬಿನೊಳಗೆ ಸೇರಿಸಿ ಹೊಲಿದವಳಿಗೇ ವಾಪಸ್ಸು ಕಳಿಸುವಳು. ಯಾರ ಕೈಯ ತಪ್ಪು ಎಂದು ಬಾಯಿ ಬಿಟ್ಟವಳಲ್ಲ. ಸೂಪರ್‌ವೈಸರುಗಳು ಬಂದರು, ಹೋದರು. "ಯಾರದು ಇದು?" ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ಹೊಲಿಗೆ ಜಾರಿದೆ ಸಾರ್." ತಮ್ಮ ಕೇಳಿದರೂ ಅದೇ, 'ಸಾರ್' ಒಂದು ಇರುತ್ತಿರಲಿಲ್ಲ. ಹೊಲಿಗೆ ತನ್ನಷ್ಟಕ್ಕೆ ತಾನೇ ಎದ್ದು ಜಾರಿತೇನೋ ಎಂಬಂತೆ! ಅರವತ್ತು ಜನರ ತಪ್ಪನ್ನು ಇಪ್ಪತ್ತೆರಡು ವರ್ಷ ಹೊಟ್ಟೆಗೆ ಹಾಕಿಕೊಂಡವಳು ಎಂದೇ ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಇಸ್ತ್ರಿ ಮೇಜಿನ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಇಟ್ಟು ಯಾರೋ ಮರೆತರು. ಬಟ್ಟೆಯ ರಾಶಿ ಹತ್ತಿಕೊಂಡಿತು. ಬೆಂಕಿ ಅಂಥದ್ದೇನಲ್ಲ, ಎರಡು ಬಕೆಟ್ ನೀರಿಗೆ ಆರಿತು. ಹೊಗೆ ಮಾತ್ರ ಕೋಣೆ ತುಂಬಿತು. ಹಿಂದಿನ ಸಾಲಿನವರು ಕಬ್ಬಿಣದ ಬಾಗಿಲಿಗೆ ಓಡಿ ಅಂಗೈಯಿಂದ ಬಡಿದರು. ಬೀಗದ ಕೈಯವನು ಕೆಳಗೆ ಆಫೀಸಿನಲ್ಲಿದ್ದ. ಬಡಿದವರು ತಿರುಗಿ ಮುಂದಕ್ಕೆ ಓಡುವಾಗ ಗುಂಡಿ ಹಾಕುವವಳೊಬ್ಬಳು ಕೆಳಗೆ ಬಿದ್ದಳು, ಅವಳ ಮೇಲೆ ಮೂವರು ಬಿದ್ದರು, ಅವಳ ಕೈ ಮುರಿಯಿತು. ತಮ್ಮ ಮೇಲೆ ಬರುವಷ್ಟರಲ್ಲಿ ಹೊಗೆ ಚದುರಿತ್ತು. ದೊಡ್ಡಮ್ಮನ ಜೀವ ಮಾತ್ರ ಬಾಯಿಗೆ ಬಂದದ್ದು ವಾರವಾದರೂ ಕೆಳಗಿಳಿಯಲಿಲ್ಲ.

ಶರ್ಟು ಕೊಳ್ಳುವ ದೂರದೇಶದ ಕಂಪನಿಯಿಂದ ಆರು ತಿಂಗಳಿಗೊಮ್ಮೆ ಒಬ್ಬ ಮೇಡಂ ತನಿಖೆಗೆ ಬರುತ್ತಿದ್ದಳು. ಕೆಲಸಗಾರರು ಹೇಗಿದ್ದಾರೆ, ಏನಾದರೂ ತೊಂದರೆಯಿದೆಯೇ ಎಂದು ಕೇಳುವುದೇ ಅವಳ ಕೆಲಸ. ಹೊಗೆಯಾದ ಹತ್ತನೆಯ ದಿನ ಬಂದವಳು, ವಾಡಿಕೆಯಂತೆ ಕೊನೆಯ ಮೇಜಿನ ಬಳಿ ನಿಂತಳು. ದೊಡ್ಡಮ್ಮ ಧೈರ್ಯ ಮಾಡಿ, "ಹಿಂದಿನ ಬಾಗಿಲಿಗೆ ಬೀಗ ಹಾಕಿರುತ್ತೆ, ಮೇಡಂ" ಎಂದಳು. ಜೊತೆಗಿದ್ದ ಕಾರ್ಖಾನೆಯ ಆಫೀಸರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಮೇಡಂ ಮುಖ ಅರಳಿತು, ಏನೋ ಬರೆದುಕೊಂಡು ಹೋದಳು.

"ಏನಂದ್ರು ಕಣೇ ಆಫೀಸರು?" ಎಂದು ದೊಡ್ಡಮ್ಮ ಪಕ್ಕದ ಲೇಬಲ್ ಟೀಚರನ್ನು ಕೇಳಿದಳು.

ಲೇಬಲ್ ಟೀಚರ್ ಎಂದರೆ ಶರ್ಟಿನ ಕುತ್ತಿಗೆಗೆ ಲೇಬಲ್ ಹೊಲಿಯುವ ಹೆಂಗಸು. ಎರಡು ವರ್ಷ ಕಾಲೇಜು ಮೆಟ್ಟಿಲು ಹತ್ತಿದವಳು, ಇಂಗ್ಲಿಷು ಬಲ್ಲವಳು. ಅದಕ್ಕೇ ಆ ಅಡ್ಡಹೆಸರು.

"ಹಿಂದಿನ ಬಾಗಿಲು ಭದ್ರವಾಗಿದೆ, ಭಯ ಇಲ್ಲ ಅಂತ ಈಯಮ್ಮ ಹೇಳ್ತಿದ್ದಾಳೆ ಅಂದ್ರು ದೊಡ್ಡಮ್ಮ" ಎಂದಳು ಅವಳು.

ದೊಡ್ಡಮ್ಮನ ಮೈ ಉರಿದುಹೋಯಿತು. ತನ್ನ ಬಾಯಿಂದ ಹೊರಟದ್ದನ್ನು ಇನ್ನೊಬ್ಬ ತಿರುಗುಮುರುಗಾಗಿ ಹೊಲಿದು, ಮತ್ತೆ ತನ್ನ ಹೆಸರಿನ ಚೀಟಿಯನ್ನೇ ಕಟ್ಟಿ ಕಳಿಸುವುದೆಂದರೇನು? ನೀನಾದರೂ ಹೇಳಬಹುದಿತ್ತಲ್ಲ ಎಂದು ಟೀಚರಿಗೇ ತಗುಲಿಕೊಂಡಳು.

"ನಾನು ಗುತ್ತಿಗೆಯವಳು. ಇವತ್ತು ಬಾಯಿ ಬಿಟ್ರೆ ನಾಳೆ ಗೇಟಿನ ಹೊರಗೆ. ನೀವು ಕಾಯಂ, ಮೇಲಾಗಿ ಸೂಪರ್‌ವೈಸರ್ ಅಕ್ಕ. ನಿಮ್ಮನ್ನ ಯಾರು ಮುಟ್ತಾರೆ? ಆದ್ರೆ ನೀವು ಇಂಗ್ಲಿಷಲ್ಲೇ ಹೇಳ್ಬೇಕು."

"ಹಾಗಾದ್ರೆ ಕಲಿಸು" ಎಂದಳು ದೊಡ್ಡಮ್ಮ. ಐವತ್ತು ದಾಟಿದ ಹೆಂಗಸು, ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುವವಳು, ನೀರು ಕೊಡು ಎಂದಷ್ಟು ಸಲೀಸಾಗಿ ಇಂಗ್ಲಿಷು ಕಲಿಸು ಎಂದಳು.

ಪಾಠಕ್ಕೆ ಸಿಗುತ್ತಿದ್ದುದು ಊಟದ ಬಿಡುವಿನ ಅರ್ಧ ಗಂಟೆ. ಪುಸ್ತಕವಿಲ್ಲ. ಪುಸ್ತಕ ಏಕೆ ಬೇಕು, ಮೇಜಿನ ಕೆಳಗೆ ಚೀಲದ ತುಂಬ ರದ್ದಿ ಲೇಬಲ್ಲುಗಳಿರುವಾಗ? ಟೀಚರು ಒಂದನ್ನು ಎತ್ತಿ ಓದಿದಳು: "ಡು ನಾಟ್ ಐರನ್. ಇಸ್ತ್ರಿ ಮಾಡಬೇಡಿ ಅಂತ."

"ಇದರಲ್ಲಿ ಬೇಡ ಅನ್ನೋದು ಎಲ್ಲಿದೆ?"

"ಡು ನಾಟ್ ಅನ್ನೋದೇ ಬೇಡ. ಮೊದಲೇ ಬರುತ್ತೆ."

ದೊಡ್ಡಮ್ಮ ಊಟದ ಡಬ್ಬಿ ಪಕ್ಕಕ್ಕಿಟ್ಟಳು. "ಅಬ್ಬಾ! ಜಾಣರು ಕಣೇ. ನಾವು ಇಸ್ತ್ರಿ ಅಂದು, ಮಾಡ ಅಂದು, ಬೇಡಿ ಅನ್ನೋಷ್ಟರಲ್ಲಿ ಬಟ್ಟೆ ಸುಟ್ಟು ಕರಕಲಾಗಿರುತ್ತೆ!" ಎಂದಳು. ಇಪ್ಪತ್ತೆರಡು ವರ್ಷ ಕೈಯಲ್ಲಿ ಆಡಿದ ಚಿಂದಿ ಲೇಬಲ್ಲು ಬಾಯಿ ತೆರೆದು ಮಾತಾಡಿತಲ್ಲ ಎಂದು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದಳು.

ಮರುದಿನ ಟೀಚರು ಕಾಲರಿನ ಮೂರು ತುಂಡುಗಳ ಮೇಲೆ ಸೀಮೆಸುಣ್ಣದಿಂದ ಕನ್ನಡ ಅಕ್ಷರದಲ್ಲೇ ಬರೆದು ಸಾಲಾಗಿ ಇಟ್ಟಳು: ಸೂಪರ್‌ವೈಸರ್, ಸ್ಕೋಲ್ಡ್ಸ್, ಟೈಲರ್. "ನಮ್ಮಲ್ಲಿ ಹೇಗೆ ಹೇಳ್ತೀವಿ? ಸೂಪರ್‌ವೈಸರ್ ಟೈಲರನ್ನ ಬೈತಾನೆ. ಟೈಲರನ್ನ ಬೈತಾನೆ ಸೂಪರ್‌ವೈಸರ್."

"ಹೇಗೆ ಹೇಳಿದ್ರೂ ಬೈಸಿಕೊಳ್ಳೋದು ನಾವೇ ಬಿಡು" ಎಂದಳು ಗುಂಡಿಯವಳು. ಕೈಗೆ ಪಟ್ಟಿ ಕಟ್ಟಿಸಿಕೊಂಡೇ ಅವಳು ಕೆಲಸಕ್ಕೆ ಬಂದಿದ್ದಳು.

"ಅದೇ ಹೇಳ್ತಿರೋದು. ಇಂಗ್ಲಿಷಲ್ಲಿ ಹಾಗಿಲ್ಲ." ಟೀಚರು ಮೊದಲ ತುಂಡನ್ನೂ ಕೊನೆಯದನ್ನೂ ಅದಲುಬದಲು ಮಾಡಿದಳು. "ಈಗ ಟೈಲರ್ ಸ್ಕೋಲ್ಡ್ಸ್ ಸೂಪರ್‌ವೈಸರ್. ಬೈಯೋದು ಟೈಲರ್, ಬೈಸಿಕೊಳ್ಳೋದು ಸೂಪರ್‌ವೈಸರ್."

ದೊಡ್ಡಮ್ಮ ಕಣ್ಣು ಕಣ್ಣು ಬಿಟ್ಟಳು. "ಮಾತಿಗೆ ಏನೂ ಅಂಟಿಸ್ಲಿಲ್ಲ?"

"ಏನೂ ಇಲ್ಲ."

"ಬರೀ ಕೂತ ಜಾಗ ಬದಲಾಯ್ತು ಅಷ್ಟೇ?"

"ಅಷ್ಟೇ. ಮೊದಲ ಜಾಗದಲ್ಲಿ ಯಾರು ಕೂತಿರ್ತಾರೋ ಅವರು ಮಾಡಿದವರು. ಎರಡನೇದು ಮಾಡಿದ ಕೆಲಸ. ಆಮೇಲೆ ಯಾರಿಗೆ, ಏನು ಆಯ್ತು ಅನ್ನೋದು."

ಸುತ್ತ ಕೂತು ಉಣ್ಣುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಕುರ್ಚಿ ಬದಲಾಯಿಸಿದರೆ ಸೂಪರ್‌ವೈಸರನ್ನೇ ಬೈಯಬಹುದಾದ ಭಾಷೆ ಯಾರಿಗೆ ಬೇಡ? ದೊಡ್ಡಮ್ಮ ನಗಲಿಲ್ಲ. ಆ ಮೂರು ತುಂಡುಗಳನ್ನು ತನ್ನ ಕೈಯಿಂದಲೇ ಅತ್ತ ಇತ್ತ ಇಟ್ಟು ನೋಡಿದಳು. ಇಷ್ಟು ದೊಡ್ಡ ಲೋಕ, ಅದರ ಹಡಗು, ವಿಮಾನ, ಕೋರ್ಟು, ಕಚೇರಿಗಳೆಲ್ಲ ಈ ಮೂರು ಕುರ್ಚಿಗಳ ಮೇಲೆ ಕೂತು ಮಾತಾಡುತ್ತವೆಯೇ ಎಂದು ಅವಳಿಗೆ ಎದೆ ಝಲ್ಲೆಂದಿತು.

ಅಂದು ಸಂಜೆ ಬಸ್ಸಿನಲ್ಲಿ ಅವಳಿಗೆ ಬೇರೆ ಏನೂ ಕಾಣಲಿಲ್ಲ. ಡ್ರೈವರ್ ಮೊದಲ ಕುರ್ಚಿ, ಓಡಿಸುವುದು ಎರಡನೆಯದು, ಬಸ್ಸು ಮೂರನೆಯದು. ಕಂಡಕ್ಟರ್ ಟಿಕೆಟ್ ಹರಿದು ಅವಳ ಕೈಗಿಟ್ಟ. ಇಲ್ಲಿ ಕೊಟ್ಟವನು, ಕೊಡುವ ಕೆಲಸ, ಇಸಿದುಕೊಂಡ ತಾನು, ಕೊನೆಗೆ ಟಿಕೆಟ್ಟು ಎಂದು ನಾಲ್ಕಾದವು! ಮರುದಿನ ಅದಕ್ಕೆ ಜಾಗ ಎಲ್ಲಿ ಎಂದು ಟೀಚರನ್ನು ಕೇಳಿ, "ಕಂಡಕ್ಟರ್ ಗಿವ್ಸ್ ಮಿ ಟಿಕೆಟ್" ಎಂದು ಕಲಿತಳು. ಹಾಲಿನವನು, ಬೆಕ್ಕು, ಓಣಿಯಲ್ಲಿ ಜಗಳವಾಡುವ ನೆರೆಯವರು ಎಲ್ಲರನ್ನೂ ಕುರ್ಚಿಗಳ ಮೇಲೆ ಕೂರಿಸಿದಳು. ನಾಲಿಗೆ ಹೊರಳದ ಮಾತನ್ನು ಕೊಕ್ಕೆ ಹಾಕಿ ಬಿಚ್ಚಿದಂತೆ ಬಿಚ್ಚಿ, ಒಂದೊಂದೇ ತುಂಡು ಹೇಳಿ, ಮತ್ತೆ ಜೋಡಿಸುವಳು. ತಪ್ಪಾದರೆ ನಾಚಿಕೆಯೇ ಇಲ್ಲ. ತಪ್ಪು ಅವಳಿಗೆ ಹೊಸದೇ? ಜೀವಮಾನವೆಲ್ಲ ಅದರ ಜೊತೆಗೇ ಬಾಳಿದವಳು. ಕಾಲೇಜು ಕಂಡ ಟೀಚರೇ ಬೆರಗಾಗಿ ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

ನಾಲ್ಕನೆಯ ತಿಂಗಳು, ಇನ್ನು ನಮ್ಮ ಮಾತಿಗೆ ಬರೋಣ ಎಂದು ಟೀಚರು ಹೊಸ ತುಂಡುಗಳನ್ನು ಹರಡಿದಳು. ಕೊನೆಯಲ್ಲಿ ದ ಬ್ಯಾಕ್ ಡೋರ್, ಅಂದರೆ ಹಿಂದಿನ ಬಾಗಿಲು, ಇಟ್ಟಳು, ಮಧ್ಯದಲ್ಲಿ ಲಾಕ್ಸ್ ಎಂದು ಇಟ್ಟಳು. ಮೊದಲ ತುಂಡು ಖಾಲಿಯಿತ್ತು.

"ಇಲ್ಲಿ ಯಾರು ದೊಡ್ಡಮ್ಮ?"

ದೊಡ್ಡಮ್ಮ ಊಟದ ಡಬ್ಬಿಗೆ ಮುಚ್ಚಳ ಹಾಕಿದಳು.

"ಬೀಗ ಹಾಕೋರು ಯಾರು? ಹೇಳಿ, ಬರೀತೀನಿ."

"ಬೀಗ ಹಾಕಿರುತ್ತೆ ಅಷ್ಟೇ ಕಣೇ."

"ಬಾಗಿಲು ತಾನೇ ಹಾಕ್ಕೊಳ್ಳುತ್ತಾ?"

ದೊಡ್ಡಮ್ಮ ತುಂಡುಗಳನ್ನು ದೂರ ಸರಿಸಿದಳು. ಬೇರೆ ದಾರಿ ಇಲ್ಲವೇ ಎಂದು ಕೇಳಿದಳು. ಇದೆ, ಬಾಗಿಲನ್ನೇ ಮೊದಲ ಕುರ್ಚಿಗೆ ತಂದು, ಮಾಡಿದವನ ಹೆಸರೆತ್ತದೆಯೂ ಹೇಳಬಹುದು, ಇಂಗ್ಲಿಷಿನಲ್ಲೂ ಆ ಕಳ್ಳದಾರಿ ಉಂಟು ಎಂದಳು ಟೀಚರು. "ಆದ್ರೆ ನೀವು ಹಾಗಂದ್ರೆ ಆಫೀಸರು ಪಕ್ಕದಿಂದ, ಅಯ್ಯೋ ಇವತ್ತೊಂದು ದಿನ ಯಾರೋ ಮರೆತು ಹಾಕಿದ್ದಾರೆ ಅಂತಾರೆ. ಮುಗೀತು. ಇನ್ನಾರು ತಿಂಗಳು."

ದೊಡ್ಡಮ್ಮ ಮೂರು ದಿನ ಪಾಠಕ್ಕೆ ಕೂರಲಿಲ್ಲ. ಗುಂಡಿ ಎತ್ತರಕ್ಕೆ ಹೊಲಿದವಳನ್ನು ಹೇಳದವಳು, ತೋಳು ಅದಲುಬದಲು ಮಾಡಿದವಳನ್ನು ಹೇಳದವಳು, ಅವಳು ಈಗ ಮೊಟ್ಟಮೊದಲು ಹೇಳಬೇಕಾದ ಹೆಸರು ತಾನೇ ಸಾಕಿದ ತಮ್ಮನದು. ಅವನ ಕೆಲಸ ಹೋದರೆ? ಅವನಿಗೂ ಹೆಂಡತಿಯಿದ್ದಾಳೆ, ಮನೆ ಬಾಡಿಗೆಯಿದೆ. ಅನ್ನ ಕಲಸುವಾಗ ಎದುರು ಕೂತ ಅವನ ಮುಖ ನೋಡಲಾರದೆ ತಟ್ಟೆಯನ್ನೇ ನೋಡುವಳು.

ಕೊನೆಗೊಂದು ಸಂಜೆ ಅವಳು ನೇರವಾಗಿಯೇ ಕೇಳಿದಳು. "ಆ ಬಾಗಿಲು ತೆಗೆದಿಡೋ. ನನ್ನ ಮಾತು ಕೇಳೋ."

"ಅಕ್ಕಾ, ಮ್ಯಾನೇಜರು ಹಾಕು ಅಂದ್ರು, ಹಾಕಿದೀನಿ. ಒಂದು ಶರ್ಟು ಹೋದ್ರೂ ನನ್ನ ತಲೆ ಹೋಗುತ್ತೆ."

"ಅವತ್ತು ಹೊಗೆ ತುಂಬಿದಾಗ ನೀನು ಎಲ್ಲಿದ್ದೆ?"

"ಒಂದು ದಿನ ಕೆಳಗಿದ್ದೆ ಕಣೇ. ಬೀಗದ ಕೈ ನನ್ನ ಹತ್ರಾನೇ ಇರುತ್ತಲ್ಲ. ಓಡಿ ಬಂದು ತೆಗೆಯೋದು ಎಷ್ಟು ಹೊತ್ತು? ಸುಮ್ನೆ ಹೆದರ್ತೀಯ ನೀನು." ಅವನು ಅಕ್ಕನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದ. ಅವನೇನೂ ಕೆಟ್ಟವನಲ್ಲ. ಅದೇ ಅವಳ ಸಂಕಟ.

ಮರುದಿನ ಅವಳು ಟೀಚರಿನ ಕೈಯಿಂದ ಸೀಮೆಸುಣ್ಣ ಕಸಿದು, ಖಾಲಿ ತುಂಡಿನ ಮೇಲೆ ವಕ್ರವಕ್ರವಾಗಿ ತಾನೇ ಬರೆದಳು. ಸೂಪರ್‌ವೈಸರ್ ಎಂದು ಬರೆಯಬಹುದೆಂದು ಟೀಚರು ಕಾಯುತ್ತಿದ್ದಳು. ದೊಡ್ಡಮ್ಮ ಬರೆದದ್ದು 'ಮೈ ಬ್ರದರ್' ಎಂದು.

"ಸೂಪರ್‌ವೈಸರ್ ಅಂದ್ರೆ ಸಾಕಲ್ಲ ದೊಡ್ಡಮ್ಮ?"

"ಅವನಿಗೆ ಬರೋದು ನನಗೂ ಬರಲಿ" ಎಂದಳು.

ಮೇಡಂ ಬಂದ ದಿನ ಬೆಳಿಗ್ಗೆಯಿಂದ ಕೋಣೆಯಲ್ಲಿ ಉಸಿರು ಬಿಗಿಹಿಡಿದವರೇ ಎಲ್ಲ. ಯಾರಿಗೂ ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮೇಡಂ ಸಾಲುಗಳ ನಡುವೆ ನಿಧಾನವಾಗಿ ನಡೆದು ಬಂದಳು. ಒಂದು ಪಕ್ಕದಲ್ಲಿ ಆಫೀಸರು, ಹಿಂದೆ ತಮ್ಮ. ಕೊನೆಯ ಮೇಜಿನ ಬಳಿ ನಿಂತು, "ಗುಡ್ ಮಾರ್ನಿಂಗ್. ಹೌ ಆರ್ ಯೂ?" ಎಂದಳು.

ದೊಡ್ಡಮ್ಮ ಎದ್ದು ನಿಂತಳು. ಮೇಜಿನ ಅಂಚು ಹಿಡಿದುಕೊಂಡಳು.

"ಮೈ ಬ್ರದರ್ ಲಾಕ್ಸ್ ದ ಬ್ಯಾಕ್ ಡೋರ್."

ಒಂದೊಂದು ಮಾತೂ ತನ್ನ ಕುರ್ಚಿಯಲ್ಲಿ ನೆಟ್ಟಗೆ ಕೂತಿತ್ತು. ಆಫೀಸರು ಬಾಯಿ ತೆರೆದರು. ಮೇಡಂ ಅವರತ್ತ ತಿರುಗದೆಯೇ ಕೈ ಎತ್ತಿ ತಡೆದಳು. ತಿರುಗಿಸಲು ಅಲ್ಲಿ ಏನೂ ಉಳಿದಿರಲಿಲ್ಲ.

"ಯುವರ್ ಬ್ರದರ್?" ಎಂದಳು ಮೇಡಂ.

ದೊಡ್ಡಮ್ಮ ಬೆರಳು ತೋರಿಸಿದಳು. ತಮ್ಮನ ಮುಖದಲ್ಲಿ ರಕ್ತವಿರಲಿಲ್ಲ. ಬೆನ್ನಿಗೆ ಬಾರಿಸಿದ ದಿನ ಹೇಗೆ ನೋಡಿದ್ದನೋ ಹಾಗೆಯೇ ಅಕ್ಕನನ್ನು ನೋಡುತ್ತಿದ್ದ. ಟೀಚರು ಕಲಿಸಿದ್ದು ಅಲ್ಲಿಗೆ ಮುಗಿದಿತ್ತು. ಮುಂದಿನ ಮಾತಿಗೆ ಕಾಲರಿನ ತುಂಡುಗಳಿರಲಿಲ್ಲ, ಸೀಮೆಸುಣ್ಣವಿರಲಿಲ್ಲ. ದೊಡ್ಡಮ್ಮ ಕಣ್ಣು ಮುಚ್ಚಿದಳು. ತುಟಿಗಳು ಸದ್ದಿಲ್ಲದೆ ಆಡಿದವು, ಏನನ್ನೋ ಎತ್ತಿ ಎಲ್ಲೋ ಕೂರಿಸುತ್ತಿದ್ದವು. ಅರವತ್ತು ಜನ ನೋಡುತ್ತಿದ್ದರು. ಕಣ್ಣು ತೆರೆದು ಹೇಳಿದಳು:

"ದ ಮ್ಯಾನೇಜರ್ ಗಿವ್ಸ್ ಮೈ ಬ್ರದರ್ ದ ಕೀ."

ಮ್ಯಾನೇಜರು ನನ್ನ ತಮ್ಮನಿಗೆ ಬೀಗದ ಕೈ ಕೊಡುತ್ತಾರೆ. ಕೊಟ್ಟವನು, ಕೊಡುವ ಕೆಲಸ, ಇಸಿದುಕೊಂಡವನು, ವಸ್ತು. ಲೇಬಲ್ ಟೀಚರಿನ ಮೈಮೇಲೆ ಮುಳ್ಳೆದ್ದವು. ಇದನ್ನು ಯಾರೂ ಕಲಿಸಿರಲಿಲ್ಲ, ಇಂಥದೊಂದು ಮಾತು ಬೇಕಾದೀತೆಂದು ಯಾರಿಗೂ ಹೊಳೆದಿರಲಿಲ್ಲ. ನಿಂತ ನಿಲುವಿನಲ್ಲಿ ಆ ಹೆಂಗಸು ಒಂದು ಪರಭಾಷೆಯನ್ನು ಬಿಚ್ಚಿ ತನ್ನ ತಮ್ಮನ ಅಳತೆಗೆ ಹೊಲಿದುಕೊಟ್ಟಿದ್ದಳು. ಟೀಚರಿಗೆ ಕಣ್ಣಲ್ಲಿ ನೀರು ಬಂತು.

ಮೇಡಂ ಕಬ್ಬಿಣದ ಬಾಗಿಲಿನತ್ತ ತಿರುಗಿ, "ಓಪನ್ ದ ಡೋರ್, ಪ್ಲೀಸ್" ಎಂದಳು.

ತಮ್ಮ ಸೊಂಟದಿಂದ ಬೀಗದ ಕೈ ತೆಗೆದು ಮುಂದೆ ಬಂದ. ಬೀಗಕ್ಕೆ ತೂರಿಸಿದ. ಅದು ಅರ್ಧಕ್ಕೇ ನಿಂತಿತು. ಹೊರಕ್ಕೆಳೆದು ಮತ್ತೆ ತೂರಿಸಿದ. ವರ್ಷಗಳ ನೂಲಿನ ಧೂಳು ಒಳಗೆ ಗಟ್ಟಿಯಾಗಿ ಕೂತಿತ್ತು. ಅವನು ಊದಿದ, ಬೀಗವನ್ನು ಬಾಗಿಲಿಗೆ ಕುಟ್ಟಿದ, ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ. ಒಂದೊಂದಾಗಿ ಮೆಷಿನ್ನುಗಳು ನಿಂತವು. ಮೇಡಂ ಕೈಗಡಿಯಾರ ನೋಡುತ್ತಿದ್ದಳು. ಗುಂಡಿಯವಳು ಮೆಷಿನ್ನಿನ ಎಣ್ಣೆಯ ಡಬ್ಬಿ ತಂದು ಕೊಟ್ಟಳು. ಅವನು ಬೀಗಕ್ಕೆ ಎಣ್ಣೆ ಬಿಟ್ಟು ಎರಡೂ ಕೈಯಿಂದ ತಿರುಗಿಸಿದ, ಕೈ ಜಾರಿತು, ಮತ್ತೆ ತಿರುಗಿಸಿದ.

ಬೀಗ ಬಿಡಲು ನಾಲ್ಕು ನಿಮಿಷ ಹಿಡಿಯಿತು. ಬಾಗಿಲು ಕಿರುಗುಟ್ಟುತ್ತ ಹೊರಕ್ಕೆ ಹೋಯಿತು, ಬಿಸಿಲು ದೊಡ್ಡಮ್ಮನ ಮೇಜಿನವರೆಗೆ ಬಂದು ಬಿತ್ತು. ಮೆಟ್ಟಿಲು ನಿಜವಾಗಿಯೂ ಇತ್ತು.

ತಮ್ಮ ಹೊರಗೆ ನೋಡಲಿಲ್ಲ. ಎಣ್ಣೆಯಾದ ಬೀಗವನ್ನು ಕೈಯಲ್ಲಿ ಹಿಡಿದು, ಹಿಂದಿನ ಸಾಲಿನಿಂದ ಶುರುಮಾಡಿ ಒಬ್ಬೊಬ್ಬರ ಮುಖವನ್ನೇ ನೋಡಿದ. ಗುಂಡಿಯವಳ ಅಂದು ಮುರಿದ ಕೈಯ ಮೇಲೆ ಅವನ ಕಣ್ಣು ನಿಂತಿತು. ಹೊಸ್ತಿಲ ಮೇಲೆ ಕುಸಿದು ಕೂತ. ಆಫೀಸರು ಏನೋ ಹೇಳಲು ಹೊರಟರು, ಅವನಿಗೆ ಕೇಳಿಸಲಿಲ್ಲ.

"ನಾನು ಹಾಕಿದ್ದು ಅಕ್ಕಾ" ಎಂದ, ಕೋಣೆಗೆಲ್ಲ ಕೇಳುವಂತೆ. "ದಿನಾ ಬೆಳಿಗ್ಗೆ ಬೀಗ ಭದ್ರವಾಗಿದೆಯಾ ಅಂತ ಎಳೆದು ನೋಡ್ತಿದ್ದವನೂ ನಾನೇ."